ಕುವೈತಿನ ನಷ್ಟ, ಬೆಟಗೇರಿಯ ಮನೆ: ಒಂದು ಯುದ್ಧ ಪರಿಹಾರ ಅರ್ಜಿಯ ಪೂರ್ಣ ಲೆಕ್ಕ

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಅಲ್ಲಿ ಸುಮಾರು 1,70,000 ಭಾರತೀಯರಿದ್ದರು. ಅವರಲ್ಲಿ 1,10,000ಕ್ಕೂ ಹೆಚ್ಚು ಮಂದಿ ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಊರು ಸೇರಿದರು. ಕೈಯಲ್ಲಿ ಒಂದು ಚೀಲ, ಹಿಂದೆ ಬಿಟ್ಟು ಬಂದಿದ್ದು ಒಂದು ಸಂಸಾರ. ಹಾಗೆ ಬಿಟ್ಟು ಬಂದದ್ದಕ್ಕೆ ಮುಂದೆ ಪರಿಹಾರ ಸಿಕ್ಕಿತು. ಎಷ್ಟು ಸಿಕ್ಕಿತು ಎಂಬುದು ಎಷ್ಟು ಕಳೆದುಕೊಂಡರು ಎಂಬುದರ ಮೇಲೆ ಮಾತ್ರ ನಿಂತಿರಲಿಲ್ಲ. ಯಾವ ಕಾಗದ ಉಳಿದಿತ್ತು, ಯಾವ ಫಾರ್ಮಿನ ಯಾವ ಕಲಮಿಗೆ ಗುರುತು ಹಾಕಿದರು ಎಂಬುದೂ ಅಷ್ಟೇ ಮುಖ್ಯವಾಗಿತ್ತು. ಆ ದಾರಿಯನ್ನು ಒಂದೇ ಮನೆಯ ಎರಡು ಅರ್ಜಿಗಳ ಮೂಲಕ ಇಲ್ಲಿ ಬಿಡಿಸಿದ್ದೇವೆ. ಗದಗ-ಬೆಟಗೇರಿಯ ಈ ಮನೆ, ಮಂದಿ, ಅವರ ಸಾಮಾನಿನ ಬೆಲೆ ಎಲ್ಲವೂ ಮಾದರಿಗಾಗಿ ಕಟ್ಟಿಕೊಂಡಿದ್ದು. ಪರಿಹಾರ ಹಂಚಿದ ವಿಶ್ವಸಂಸ್ಥೆಯ ಆಯೋಗದ ನಿಯಮ, ಮೊತ್ತ, ಗಡುವು ಮಾತ್ರ ನಿಜದವು.

ಮೊದಲು ಈ ಹಣ ಬಂದದ್ದು ಎಲ್ಲಿಂದ ಎನ್ನುವುದು ಸ್ಪಷ್ಟವಾಗಬೇಕು. ಯುದ್ಧ ಮುಗಿದ ಮೇಲೆ ದೇಶ ದೇಶಗಳು ಸಹಿ ಹಾಕುವ ಒಪ್ಪಂದಗಳಲ್ಲಿ ಜನಸಾಮಾನ್ಯರ ಆಸ್ತಿ ನಷ್ಟ ಬಹುತೇಕ ಮುಳುಗಿಯೇ ಹೋಗುತ್ತದೆ. 1952ರ ಜೂನ್‌ನಲ್ಲಿ ಜಪಾನಿನೊಂದಿಗೆ ಶಾಂತಿ ಒಪ್ಪಂದ ಮಾಡಿಕೊಂಡಾಗ ಭಾರತ ತನ್ನ ಯುದ್ಧ ಪರಿಹಾರದ ಬೇಡಿಕೆಗಳನ್ನೆಲ್ಲ ಬಿಟ್ಟುಕೊಟ್ಟಿತು. 1942ರಲ್ಲಿ ಜಪಾನಿನ ದಾಳಿಗೆ ಹೆದರಿ ಬರ್ಮಾದಿಂದ ನಡೆದು ಬಂದವರಿಗೆ ಆ ಒಪ್ಪಂದದಿಂದ ರೊಕ್ಕ ಬರುವ ದಾರಿ ಅಲ್ಲಿಗೆ ಮುಚ್ಚಿತು. ಕುವೈತಿನ ವಿಷಯದಲ್ಲಿ ಹಾಗಾಗಲಿಲ್ಲ. 1991ರ ಏಪ್ರಿಲ್ 3ರ ಭದ್ರತಾ ಮಂಡಳಿ ನಿರ್ಣಯ 687 ಕದನ ವಿರಾಮದ ಷರತ್ತುಗಳನ್ನು ಬರೆಯಿತು. ಅದರ 16ನೇ ಕಂಡಿಕೆ ಆಕ್ರಮಣದಿಂದ ಪರದೇಶದ ಸರ್ಕಾರ, ಪ್ರಜೆ, ಕಂಪನಿಗಳಿಗಾದ ನೇರ ನಷ್ಟಕ್ಕೆಲ್ಲ ಇರಾಕೇ ಹೊಣೆ ಎಂದಿತು, ಇರಾಕ್ ಅದನ್ನು ಒಪ್ಪಿಕೊಂಡಿತು. ಮೇ ತಿಂಗಳಲ್ಲಿ ನಿರ್ಣಯ 692ರಿಂದ ಜಿನೀವಾದಲ್ಲಿ ವಿಶ್ವಸಂಸ್ಥೆಯ ಪರಿಹಾರ ಆಯೋಗ ಹುಟ್ಟಿತು. ಇರಾಕಿನ ತೈಲ ಮಾರಾಟದ ಶೇ 30ರಷ್ಟು ಪಾಲು ಅದರ ನಿಧಿಗೆ ಎಂದು ಗೊತ್ತಾಯಿತು. ದೊಡ್ಡ ಕಂಪನಿಗಳಿಗೂ ಸರ್ಕಾರಗಳಿಗೂ ಮೊದಲು ಸಣ್ಣ ಮನುಷ್ಯರ ಅರ್ಜಿಗಳು ಎಂಬ ಸರದಿಯನ್ನೂ ಆಯೋಗ ಹಾಕಿಕೊಂಡಿತು. ಯುದ್ಧ ಪರಿಹಾರದ ಇತಿಹಾಸದಲ್ಲಿ ಇದು ದೊಡ್ಡ ಮಾತು. ಈ ಸರದಿ ಇಲ್ಲದಿದ್ದರೆ ಬೆಟಗೇರಿಯ ಮನೆ ಕೊನೆಯ ಕಂತು ಸಂದ 2022ರವರೆಗೂ ಕಾಯಬೇಕಾಗುತ್ತಿತ್ತೇನೋ.

ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಅಣ್ಣ 1984ರಿಂದ ಶುವೈಖ್ ಕೈಗಾರಿಕಾ ಪ್ರದೇಶದ ಎಸಿ ರಿಪೇರಿ ವರ್ಕ್‌ಶಾಪಿನಲ್ಲಿ ಫೋರ್‌ಮನ್, ಕಂಪನಿ ವೀಸಾ, ತಿಂಗಳಿಗೆ 300 ದಿನಾರ್ ಪಗಾರ, ಫರ್ವಾನಿಯಾದ ಬಾಡಿಗೆ ಮನೆಯಲ್ಲಿ ಹೆಂಡತಿ, ಮಗ, ಮಗಳು. ತಮ್ಮ ಒಬ್ಬ ಕುವೈತಿಯ ಮನೆಯಲ್ಲಿ ಡ್ರೈವರ್, ಮನೆಗೆಲಸದವರಿಗೆ ಕೊಡುವ 20ನೇ ಕಲಮಿನ ವೀಸಾ, 50 ದಿನಾರ್ ಪಗಾರ, ಮದುವೆ ಆಗಿಲ್ಲ. ಎಲ್ಲರೂ ಸೆಪ್ಟೆಂಬರಿನಲ್ಲಿ ಅಮ್ಮಾನ್ ಮೂಲಕ ಬಂದರು. ಊರಲ್ಲಿ ಅವ್ವ ಒಬ್ಬಳೇ ಇದ್ದಳು.

ಅರ್ಜಿದಾರ ನೇರವಾಗಿ ಜಿನೀವಾಕ್ಕೆ ಅರ್ಜಿ ಕಳಿಸುವಂತಿರಲಿಲ್ಲ. ತನ್ನ ಪ್ರಜೆಗಳ ಪರವಾಗಿ ಸರ್ಕಾರವೇ ಒಟ್ಟುಗೂಡಿಸಿ ಸಲ್ಲಿಸಬೇಕಿತ್ತು. ನಮ್ಮಲ್ಲಿ ಆ ಕೆಲಸ ವಿದೇಶಾಂಗ ಸಚಿವಾಲಯದ್ದು. ವ್ಯಕ್ತಿಗಳ ಅರ್ಜಿಗೆ 1995ರ ಜನವರಿ 1 ಕೊನೆಯ ದಿನ. ಅರ್ಜಿಗಳಲ್ಲಿ ವರ್ಗಗಳಿದ್ದವು. 1990ರ ಆಗಸ್ಟ್ 2ರಿಂದ 1991ರ ಮಾರ್ಚ್ 2ರ ಒಳಗೆ ಕುವೈತ್ ಇಲ್ಲವೇ ಇರಾಕ್ ಬಿಟ್ಟು ಹೊರಟವರಿಗೆ ‘ಎ’, ಗಂಭೀರ ಗಾಯ ಅಥವಾ ಮನೆಯವರ ಸಾವಿಗೆ ‘ಬಿ’, 1,00,000 ಡಾಲರ್ ವರೆಗಿನ ವೈಯಕ್ತಿಕ ನಷ್ಟಕ್ಕೆ ‘ಸಿ’, ಅದಕ್ಕೂ ಮೇಲಿನದಕ್ಕೆ ‘ಡಿ’. ಕಂಪನಿ, ಸರ್ಕಾರಗಳದ್ದು ಬೇರೆ.

ಇಡೀ ಪ್ರಕರಣದ ಕೀಲಿ ‘ಎ’ ವರ್ಗದಲ್ಲಿದೆ. ಅಲ್ಲಿ ಎರಡು ದರ. ಒಂಟಿ ಮನುಷ್ಯನಿಗೆ 2,500 ಡಾಲರ್, ಕುಟುಂಬಕ್ಕೆ 5,000. ಬೇರೆ ಯಾವ ವರ್ಗದಲ್ಲೂ ಅರ್ಜಿ ಹಾಕುವುದಿಲ್ಲ ಎಂದು ಒಪ್ಪಿದರೆ 4,000 ಮತ್ತು 8,000. ಫಾರ್ಮು ಕೈಗೆ ಬಂದಾಗ ಓಣಿಯಲ್ಲಿ ಸಿಗುವ ಮೊದಲ ಸಲಹೆ “ಹೆಚ್ಚು ರೊಕ್ಕ ಇದ್ದಲ್ಲಿ ಟಿಕ್ ಹಾಕ್ರಿ” ಎಂಬುದೇ. ಅಣ್ಣನ ಪಾಲಿಗೆ ಅದು ತಪ್ಪು ಸಲಹೆ, ತಮ್ಮನ ಪಾಲಿಗೆ ಸರಿ. ಏಕೆಂದು ಲೆಕ್ಕ ಹಾಕಿ ನೋಡೋಣ.

ಅಣ್ಣನ ನಷ್ಟವನ್ನು ‘ಸಿ’ ಫಾರ್ಮಿನ ಕಲಮುಗಳಿಗೆ ಹಂಚಬೇಕು. ಸಿ-4 ಎಂದರೆ ಸ್ವಂತ ಸಾಮಾನು, ವಾಹನ. ಸಿ-5 ಬ್ಯಾಂಕ್ ಖಾತೆ, ಷೇರು. ಸಿ-6 ಪಗಾರ, ಆದಾಯ. ಸಿ-7 ಸ್ಥಿರಾಸ್ತಿ, ಸಿ-8 ಸ್ವಂತ ವ್ಯಾಪಾರ. ಅಣ್ಣನ ಕಾರು 1987ರಲ್ಲಿ 1,400 ದಿನಾರ್‌ಗೆ ಕೊಂಡ ಸೆಕೆಂಡ್ ಹ್ಯಾಂಡ್ ಟೊಯೊಟಾ. ಬರೆಯಬೇಕಾದದ್ದು ಕೊಂಡ ಬೆಲೆಯಲ್ಲ, ಕಳೆದುಕೊಳ್ಳುವ ಹೊತ್ತಿಗೆ ಅದಕ್ಕಿದ್ದ ಬೆಲೆ. ಅದನ್ನು 900 ದಿನಾರ್ ಎಂದು ಹಿಡಿಯೋಣ. ಮನೆ ಸಾಮಾನು 1,100. ಬರಬೇಕಿದ್ದ ಜುಲೈ ಪಗಾರ 300. ಕುವೈತಿನ ಆಗಿನ ಕಾರ್ಮಿಕ ಕಾನೂನಿನಂತೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 15 ದಿನದ ಪಗಾರ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಪಗಾರ ಸೇವಾಂತ್ಯದ ಹಣ. ಆರು ವರ್ಷಕ್ಕೆ ಮೂರೂವರೆ ತಿಂಗಳು, ಅಂದರೆ 1,050. ಕುವೈತ್ ಇರಾಕಿನ ಹಿಡಿತದಲ್ಲಿದ್ದ ಏಳು ತಿಂಗಳ ಪಗಾರ 2,100. ನಗದು 150. ಎಲ್ಲ ಕೂಡಿದರೆ 5,600 ದಿನಾರ್. ಆಕ್ರಮಣಕ್ಕೆ ಮುಂಚಿನ ದರ ಒಂದು ದಿನಾರಿಗೆ ಸುಮಾರು 3.46 ಡಾಲರ್ ಎಂದರೆ 19,376 ಡಾಲರ್.

ಈಗ ಎರಡು ದಾರಿ ತೂಗಿ ನೋಡಿ. ದೊಡ್ಡ ‘ಎ’ ಹಿಡಿದರೆ 8,000, ಅಷ್ಟೇ. ಸಣ್ಣ ‘ಎ’ ಜೊತೆಗೆ ‘ಸಿ’ ಹಾಕಿದರೆ 5,000 ಗಟ್ಟಿ, ಮೇಲೆ ‘ಸಿ’ಯಲ್ಲಿ ಒಪ್ಪಿದಷ್ಟು. ಎರಡರ ನಡುವಿನ ಅಂತರ ಬರೀ 3,000 ಡಾಲರ್. ‘ಸಿ’ ಅರ್ಜಿಯ ಶೇ 16ರಷ್ಟು ಒಪ್ಪಿತವಾದರೂ ಅಣ್ಣನಿಗೆ ನಷ್ಟವಿಲ್ಲ. ಕಾಲು ಭಾಗ ಒಪ್ಪಿದರೆ ಒಟ್ಟು 9,844, ಅರ್ಧ ಒಪ್ಪಿದರೆ 14,688. ಕಾರಿನ ಕಾಗದವೊಂದೇ ಇದ್ದರೂ ‘ಸಿ’ ಹಾಕುವುದೇ ಜಾಣತನ.

ತಮ್ಮನ ಲೆಕ್ಕ ತಿರುಗಿ ಬೀಳುತ್ತದೆ. ಒಂದು ಟೇಪ್ ರೆಕಾರ್ಡರ್, ಬಟ್ಟೆಯ ಸೂಟ್‌ಕೇಸ್, ಏಳು ತಿಂಗಳ ಪಗಾರ, ಒಂದು ತಿಂಗಳ ಬಾಕಿ ಎಲ್ಲ ಸೇರಿ 470 ದಿನಾರ್, ಅಂದರೆ 1,626 ಡಾಲರ್. ಅವನಿಗೆ ಎರಡು ದರಗಳ ಅಂತರ 1,500. ‘ಸಿ’ಯಲ್ಲಿ ಶೇ 92ರಷ್ಟು ಒಪ್ಪಿತವಾದರಷ್ಟೇ ಸರಿಸಮ. ಅವನಿಗೆ ಪಗಾರದ ಕರಾರು ಪತ್ರವೂ ಇಲ್ಲ. ಆದ್ದರಿಂದ ಅವನು 4,000 ಹಿಡಿಯಬೇಕು, ಅಲ್ಲಿಗೆ ಮುಗಿಸಬೇಕು.

ದೊಡ್ಡ ‘ಎ’ಗೆ ಗುರುತು ಹಾಕಿ ‘ಸಿ’ಯನ್ನೂ ಸಲ್ಲಿಸಿದರೆ? ಹಲವರು ಹಾಗೆ ಮಾಡಿದ್ದರಿಂದ ಆಯೋಗದ ಆಡಳಿತ ಮಂಡಳಿ ಅದಕ್ಕೂ ಒಂದು ತೀರ್ಮಾನ ಕೊಟ್ಟಿತು: ಅಂಥವರು ಸಣ್ಣ ದರವನ್ನೇ ಆರಿಸಿಕೊಂಡಿದ್ದಾರೆ ಎಂದು ಭಾವಿಸಲಾಗುವುದು. ಅಂದರೆ ಆ ತಪ್ಪಿಗೆ ಮದ್ದಿತ್ತು. ಮದ್ದಿಲ್ಲದ ತಪ್ಪು ಇನ್ನೊಂದು. 8,000ಕ್ಕೆ ಗುರುತು ಹಾಕಿ, ‘ಸಿ’ ಫಾರ್ಮನ್ನು ತುಂಬದೇ ಬಿಟ್ಟು, 1995ರ ಗಡುವು ಕಳೆದ ಮೇಲೆ ಕಾರಿನ ಕಾಗದ ಹಿಡಿದು ಬಂದವರಿಗೆ ಬಾಗಿಲು ಇರಲಿಲ್ಲ.

‘ಎ’ ವರ್ಗಕ್ಕೆ ಬೇಕಾದ ಪುರಾವೆ ತೀರ ಸರಳ. ಹೊರಟದ್ದು ನಿಜ, ಹೊರಟ ತಾರೀಖು ಇದು, ಇಷ್ಟನ್ನು ತೋರಿಸುವ ಸಾದಾ ದಾಖಲೆ. ಅಣ್ಣನ ಪಾಸ್‌ಪೋರ್ಟಿನಲ್ಲಿ ಇಖಾಮಾ, ಅಂದರೆ ಕುವೈತಿನಲ್ಲಿ ವಾಸಿಸುವ ಪರವಾನಗಿಯ ಮುದ್ರೆ, ಜೋರ್ಡಾನ್ ಪ್ರವೇಶದ ಮುದ್ರೆ, ಮುಂಬೈ ವಿಮಾನ ನಿಲ್ದಾಣದ ಮುದ್ರೆ ಮೂರೂ ಇದ್ದವು. ತಮ್ಮನ ಪಾಸ್‌ಪೋರ್ಟ್ ಕಫೀಲನ, ಅಂದರೆ ವೀಸಾ ಕೊಡಿಸಿದ ಮಾಲೀಕನ, ಕಪಾಟಿನಲ್ಲೇ ಉಳಿಯಿತು. ಅವನು ಬಂದದ್ದು ರಾಯಭಾರ ಕಚೇರಿ ಕೊಟ್ಟ ತುರ್ತು ಪ್ರಯಾಣ ಪತ್ರದ ಮೇಲೆ. ಮಡಚಿ ಮಡಚಿ ಅಂಚು ಹರಿದ ಒಂದು ಹಾಳೆ, ಮೂಲೆಯಲ್ಲಿ ಫೋಟೋ, ಅದರ ಮೇಲೆ ಅರ್ಧ ಮುದ್ರೆ, ಹಿಂಬದಿ ಮುಂಬೈ ವಲಸೆ ಅಧಿಕಾರಿಯ ತಾರೀಖು. 4,000 ಡಾಲರ್ ನಿಂತದ್ದು ಈ ಹಾಳೆಯ ಹಿಂಬದಿಯ ಮೇಲೆ. ಇಂಥ ಹಾಳೆಯ ಝೆರಾಕ್ಸ್ ತೆಗೆಸುವಾಗ ಮುಂಬದಿ ಒಂದನ್ನೇ ತೆಗೆಸುವ ರೂಢಿ ಇದೆ. ಹಾಗೆ ಮಾಡಿದರೆ ಹೊರಟ ತಾರೀಖಿನ ಪುರಾವೆಯೇ ಹೋಯಿತು.

ಕುಟುಂಬ ಎನ್ನುವುದಕ್ಕೂ ಒಂದು ತಿಳಿವಳಿಕೆ ಬೇಕು. ಹೆಂಡತಿ ಮಕ್ಕಳೂ ಅಲ್ಲಿದ್ದು ಹೊರಟಿದ್ದರೆ ಮಾತ್ರ ಕುಟುಂಬದ ದರ. ಸಂಸಾರ ಗದಗಿನಲ್ಲಿದ್ದು ಗಂಡನೊಬ್ಬನೇ ಕುವೈತಿನಲ್ಲಿದ್ದರೆ ಅದು ಒಂಟಿ ಅರ್ಜಿ. ಗಂಡ ಕುಟುಂಬದ ಅರ್ಜಿ ಹಾಕಿ, ಹೆಂಡತಿ ತನ್ನ ಹೆಸರಿನಲ್ಲಿ ಮತ್ತೊಂದು ಹಾಕಿದರೆ ಕಂಪ್ಯೂಟರ್ ಅದನ್ನು ನಕಲು ಅರ್ಜಿ ಎಂದು ಹಿಡಿಯುತ್ತಿತ್ತು. ಇನ್ನು ಜುಲೈನಲ್ಲೇ ರಜೆಗೆ ಬಂದು, ಆಗಸ್ಟ್ 2ರಂದು ಹಾವೇರಿಯ ಮನೆಯಲ್ಲಿದ್ದವರದು ಬೇರೆಯದೇ ಕಥೆ. ಆ ಅವಧಿಯಲ್ಲಿ ಅವರು ಹೊರಟಿಲ್ಲವಾದ್ದರಿಂದ ‘ಎ’ ಇಲ್ಲ. ಆದರೆ ಮರಳಿ ಹೋಗಲಾಗದೆ ಉಳಿದದ್ದರಿಂದ ಆದ ನಷ್ಟವನ್ನು ಆಯೋಗ ನೇರ ನಷ್ಟವೆಂದೇ ಒಪ್ಪಿತ್ತು. ಕೋಣೆಯಲ್ಲಿ ಬಿಟ್ಟ ಸಾಮಾನಿಗೂ ಪಗಾರಕ್ಕೂ ಅವರು ‘ಸಿ’ ಹಾಕಬಹುದಿತ್ತು. ‘ಎ’ ಇಲ್ಲ ಎಂದ ಕೂಡಲೇ ಏನೂ ಇಲ್ಲ ಎಂದುಕೊಂಡು ಸುಮ್ಮನಾಗುವುದು ಇಲ್ಲಿನ ದೊಡ್ಡ ನಷ್ಟ.

‘ಸಿ’ ಅರ್ಜಿಯ ಪುರಾವೆಗೆ ನಿಯಮದಲ್ಲಿದ್ದ ಮಾತು ಇದು: ನಷ್ಟದ ಸಂದರ್ಭ ಮತ್ತು ಮೊತ್ತಕ್ಕೆ, ಆ ಪರಿಸ್ಥಿತಿಯಲ್ಲಿ ಕೇಳಬಹುದಾದ ಕನಿಷ್ಠ ದಾಖಲೆ. 20,000 ಡಾಲರಿಗಿಂತ ಕಡಿಮೆಯ ಸಣ್ಣ ಅರ್ಜಿಗೆ ಅದಕ್ಕೂ ಕಡಿಮೆ ದಾಖಲೆ ಸಾಕಿತ್ತು. ಯುದ್ಧದಲ್ಲಿ ಓಡಿ ಬಂದವನ ಹತ್ತಿರ ಬಿಲ್ಲಿನ ಕಟ್ಟು ಇರುವುದಿಲ್ಲ ಎಂಬುದನ್ನು ನಿಯಮ ಬರೆದವರು ಅರಿತಿದ್ದರು. ಈ ಗೆರೆ ಅಣ್ಣನ ಅರ್ಜಿಯಲ್ಲಿ ಬಹಳ ಕೆಲಸ ಮಾಡುತ್ತದೆ. ಅವನ ಕುವೈತ್ ಬ್ಯಾಂಕ್ ಖಾತೆಯಲ್ಲಿ 600 ದಿನಾರ್ ಇತ್ತು. ಅದನ್ನೂ ಸೇರಿಸಿದರೆ ಒಟ್ಟು 21,452 ಡಾಲರ್, ಗೆರೆ ದಾಟಿತು. ಕುವೈತ್ ಬಿಡುಗಡೆಯಾದ ಮೇಲೆ ಅಲ್ಲಿನ ಬ್ಯಾಂಕುಗಳು ಬಾಗಿಲು ತೆರೆದು ಹಳೆಯ ಠೇವಣಿಗಳನ್ನು ಮಾನ್ಯ ಮಾಡಿದವು, ಹಾಗಾಗಿ ಆ ಹಣ ನಷ್ಟವೇ ಅಲ್ಲ. ಸಿಗದ ಒಂದು ಬಾಬ್ತು ಸೇರಿಸಿ ಸಿಗುವ ಐದು ಬಾಬ್ತುಗಳಿಗೆ ಕಠಿಣ ತಪಾಸಣೆ ತಂದುಕೊಳ್ಳಬಾರದು. ಆ 600ಕ್ಕೆ ಬ್ಯಾಂಕಿಗೇ ಪಾಸ್‌ಬುಕ್ಕಿನ ಪ್ರತಿಯೊಡನೆ ಪತ್ರ ಬರೆಯಬೇಕು. ಬಸ್ರಾದಿಂದ ಅಮ್ಮಾನ್ ವರೆಗಿನ ಬಸ್ ಚಾರ್ಜೂ ಹಾಗೆಯೇ. ಹೊರಟು ಬಂದ ಖರ್ಚಿಗೆಂದೇ ‘ಎ’ ಹಣ ಕೊಟ್ಟ ಮೇಲೆ ಅದನ್ನು ಮತ್ತೆ ‘ಸಿ’ಯಲ್ಲಿ ಬರೆದರೆ ಕಳೆಯುತ್ತಿದ್ದರು.

ಬಾಬ್ತುವಾರು ಪುರಾವೆ ಹೀಗೆ ಕೂಡಿಸಬೇಕು. ಕಾರಿಗೆ ದಫ್ತರ್, ಅಂದರೆ ನೋಂದಣಿ ಪುಸ್ತಕ, ಜೊತೆಗೆ ವಿಮೆಯ ಕಾಗದ. ಇದು ಇದ್ದರೆ ಬಾಬ್ತು ಗಟ್ಟಿ. ಪಗಾರಕ್ಕೆ ಕರಾರು ಪತ್ರ, ಕೆಲಸದ ಪರವಾನಗಿ, ಬ್ಯಾಂಕಿಗೆ ಪಗಾರ ಜಮಾ ಆದ ಸಾಲುಗಳು, ಊರಿಗೆ ಕಳಿಸಿದ ಡ್ರಾಫ್ಟಿನ ಚೀಟಿಗಳು. ಗದಗಿನ ಬ್ಯಾಂಕಿನ ಹಳೆಯ ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳು ಬಂದ ಹಣದ ನಮೂದು ಇದ್ದರೆ ಅದೂ ಪಗಾರಕ್ಕೆ ಒತ್ತಾಸೆ. ಊರಿಗೆ ಬಂದ ಮೇಲೆ ಬೇರೆ ಕೆಲಸ ಸಿಕ್ಕು ಪಗಾರ ಬಂದಿದ್ದರೆ ಆ ತಿಂಗಳುಗಳನ್ನು ಕಳೆಯಬೇಕು. ಯುದ್ಧದ ಆಮೇಲೆ ಮಾಲೀಕ ಸೇವಾಂತ್ಯದ ಹಣ ಕೊಟ್ಟಿದ್ದರೆ ಅದನ್ನು ಹೇಳಬೇಕು. ಒಂದೇ ನಷ್ಟಕ್ಕೆ ಎರಡು ಕಡೆ ಹಣ ಇಲ್ಲ.

ಮನೆ ಸಾಮಾನಿನ ಬಾಬ್ತಿನಲ್ಲೇ ಅರ್ಜಿಗಳು ಸೊರಗುವುದು. ‘ಮನೆ ಸಾಮಾನು 1,100 ದಿನಾರ್’ ಎಂದು ಒಂದೇ ಸಾಲಿನಲ್ಲಿ ಬರೆದರೆ ನೋಡುವವನಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಕೋಣೆ ಕೋಣೆ ನೆನೆಸಿಕೊಂಡು ಬರೆಯಬೇಕು: ‘ಫ್ರಿಜ್, ಎರಡು ಬಾಗಿಲಿನದು, 1988ರಲ್ಲಿ ಹವಲ್ಲಿಯ ಅಂಗಡಿಯಲ್ಲಿ 130 ದಿನಾರ್‌ಗೆ ಕೊಂಡದ್ದು, 1990ರಲ್ಲಿ 90 ದಿನಾರ್ ಬಾಳುವಂಥದ್ದು, ಬಿಲ್ ಮನೆಯಲ್ಲೇ ಉಳಿದಿದೆ.’ ಹೀಗೆ ಸಾಲು ಸಾಲು. ಬಿಲ್ಲಿಲ್ಲದ ಸಾಮಾನಿಗೆ ಫೋಟೋ ಮಾತಾಡುತ್ತದೆ. ಮಗಳ ಹುಟ್ಟುಹಬ್ಬದ ಫೋಟೋದಲ್ಲಿ ಕೇಕಿನ ಹಿಂದೆ ಟಿವಿ, ವಿಸಿಆರ್, ಕಿಟಕಿಯ ಎಸಿ ಮೂರೂ ಕಾಣುತ್ತಿದ್ದರೆ, ಹಿಂದೆ ತಾರೀಖು ಬರೆದಿದ್ದರೆ, ಅದನ್ನು ಲಗತ್ತಿಸಿ ಯಾವ ಸಾಮಾನು ಎಲ್ಲಿ ಕಾಣುತ್ತದೆ ಎಂದು ಅಂಕಿ ಹಾಕಬೇಕು. ಅದೇ ಕಟ್ಟಡದಲ್ಲಿದ್ದು ಈಗ ಹುಬ್ಬಳ್ಳಿಗೋ ಧಾರವಾಡಕ್ಕೋ ಮರಳಿದವರ ಅಫಿಡವಿಟ್ ಸಾಕ್ಷಿಯಾಗುತ್ತದೆ. ಒಡಹುಟ್ಟಿದವರ ಅಫಿಡವಿಟ್‌ಗೆ ಅಷ್ಟು ತೂಕವಿಲ್ಲ. ನಗದಿಗೆ ಪುರಾವೆ ಕೊಡುವುದು ಎಲ್ಲಕ್ಕಿಂತ ಕಷ್ಟ. ಅಣ್ಣನ 150ನ್ನು ಮೊದಲೇ ಹೋದದ್ದೆಂದು ಎಣಿಸುವುದು ವಾಸಿ.

ಪಗಾರ ನಿಂತಿದ್ದರಿಂದ ಸೊಸೈಟಿ ಸಾಲ ತೀರಿಸಲಾಗದೆ ಬೆಳೆದ ಬಡ್ಡಿ, ಅರ್ಧಕ್ಕೆ ನಿಂತ ಮನೆಯ ಸ್ಲ್ಯಾಬ್, ಮುಂದೆ ಹೋದ ತಮ್ಮನ ಮದುವೆ, ಇವನ್ನೂ ಅರ್ಜಿಯಲ್ಲಿ ಬರೆಯುವ ಆಸೆ ಸಹಜ. ಮನೆಯವರಿಗೆ ನಿಜವಾಗಿ ನೋವು ಕೊಟ್ಟದ್ದು ಇವೇ. ಆದರೆ ನಿರ್ಣಯ 687ರಲ್ಲಿರುವುದು ‘ನೇರ ನಷ್ಟ’ ಎಂಬ ಮಾತು. ನಷ್ಟದಿಂದ ಹುಟ್ಟಿದ ನಷ್ಟಕ್ಕೆ ಅಲ್ಲಿ ಜಾಗವಿಲ್ಲ. ಇದು ನ್ಯಾಯವೆಂದು ನಮಗೆ ಅನಿಸುವುದಿಲ್ಲ, ಆದರೂ ಇಂಥ ಬಾಬ್ತು ಸೇರಿಸಿದರೆ ಉಳಿದ ಬಾಬ್ತಿನ ನಂಬಿಕೆಯೂ ಕುಂದುತ್ತದೆ.

ಹೆಸರಿನ ತೊಡಕಿಗೆ ಬರೋಣ. ಆಯೋಗಕ್ಕೆ ಬಂದ ಅರ್ಜಿಗಳು ಒಟ್ಟು 26 ಲಕ್ಷಕ್ಕೂ ಹೆಚ್ಚು. ಒಂದೊಂದನ್ನೂ ತೆರೆದು ಓದುವುದು ಆಗದ ಮಾತು. ಸರ್ಕಾರಗಳು ‘ಎ’ ಅರ್ಜಿಗಳ ವಿವರವನ್ನು ಕಂಪ್ಯೂಟರಿಗೆ ಏರಿಸಿ ಕಳಿಸಿದವು. ಆಯೋಗ ಅವನ್ನು ಗಡಿ ದಾಟಿದವರ, ತೆರವಾದವರ ಪಟ್ಟಿಗಳೊಡನೆ ಹೋಲಿಸಿತು, ಹೋಲದವುಗಳಲ್ಲಿ ಸ್ಯಾಂಪಲ್ ಎತ್ತಿ ಪರೀಕ್ಷಿಸಿತು. ಈಗ ನಮ್ಮ ಕಡೆಯ ಹೆಸರು ನೋಡಿ: ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಕೊನೆಗೆ, ಶಾಲೆಯ ದಾಖಲೆಯಲ್ಲಿ ಮೊದಲಿಗೆ, ತುರ್ತು ಪತ್ರದಲ್ಲಿ ಅದೇ ಇಲ್ಲ. ಕುವೈತಿನ ಸಿವಿಲ್ ಐಡಿಯಲ್ಲಿ ಹೆಸರು ಅರಬ್ಬಿಗೆ ಹೋಗಿ ಬರುವಾಗ ಪಾಟೀಲ ಬಾತೀಲ್ ಆಗಿರುತ್ತಾನೆ. ಫಾರ್ಮಿನಲ್ಲಿ ಪಾಸ್‌ಪೋರ್ಟಿನ ಹೆಸರನ್ನೇ ಅಕ್ಷರಶಃ ಬರೆದು, ಪಾಸ್‌ಪೋರ್ಟ್ ನಂಬರು ಹಾಕಿ, ಉಳಿದ ರೂಪಗಳೆಲ್ಲ ಒಬ್ಬನವೇ ಎಂದು ನೋಟರಿ ಮಾಡಿಸಿದ ಅಫಿಡವಿಟ್ ಲಗತ್ತಿಸುವುದೊಂದೇ ದಾರಿ. ತುರ್ತು ಪತ್ರದ ಮೇಲೆ ಬಂದವರು ಹಳೆಯ ಪಾಸ್‌ಪೋರ್ಟ್ ನಂಬರನ್ನು ವಿತರಿಸಿದ ಕಚೇರಿಯ ದಾಖಲೆಯಿಂದ ತೆಗೆಸಬೇಕು.

ವಿಳಾಸವೂ ಹೀಗೆಯೇ ಕಾಡುತ್ತದೆ. ಅರ್ಜಿ ಹಾಕುವಾಗ ಬೆಟಗೇರಿ ಧಾರವಾಡ ಜಿಲ್ಲೆಯಲ್ಲಿತ್ತು. 1997ರ ಆಗಸ್ಟಿನಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಹಣದ ಪತ್ರ ಬರುವ ಹೊತ್ತಿಗೆ ಕಡತದ ಜಿಲ್ಲೆ ಬೇರೆ, ರೇಷನ್ ಕಾರ್ಡಿನ ಜಿಲ್ಲೆ ಬೇರೆ. ಪಿನ್ ಕೋಡ್ ಬದಲಾಗಲಿಲ್ಲ, ಹಾಗಾಗಿ ಪಿನ್ ಬರೆದವರ ಪತ್ರಕ್ಕೆ ದಾರಿ ಇತ್ತು.

ಹಣ ಬಂದದ್ದು ನಿಧಾನ. ನಿರ್ಬಂಧದಿಂದ ಇರಾಕಿನ ತೈಲ ಮಾರಾಟವೇ ನಿಂತಿತ್ತು. ತೈಲ ಮಾರಿದ ಹಣದಲ್ಲಿ ಆಹಾರ, ಔಷಧಿ ಕೊಳ್ಳಲು ಬಿಟ್ಟ ‘ತೈಲಕ್ಕೆ ಆಹಾರ’ ವ್ಯವಸ್ಥೆಯಲ್ಲಿ 1996ರ ಡಿಸೆಂಬರಿನಲ್ಲಿ ಅದು ಹರಿಯತೊಡಗಿದ ಮೇಲೆಯೇ ನಿಧಿಗೆ ಜೀವ ಬಂತು. ಒಪ್ಪಿತವಾದ ‘ಎ’, ‘ಸಿ’ ಅರ್ಜಿಗಳಿಗೆ ಮೊದಲ ಹಂತದಲ್ಲಿ ತಲಾ 2,500 ಡಾಲರ್ ವರೆಗೆ, ಉಳಿದದ್ದು ಮುಂದಿನ ಕಂತುಗಳಲ್ಲಿ. ಸರ್ಕಾರ ಹಣ ಕೈಸೇರಿದ ಆರು ತಿಂಗಳೊಳಗೆ ಹಂಚಬೇಕಿತ್ತು. ನಿರ್ವಹಣೆಗೆಂದು ಈ ವರ್ಗಗಳಲ್ಲಿ ಗರಿಷ್ಠ ಶೇ 1.5 ಹಿಡಿಯಬಹುದಿತ್ತು, ಅಂದರೆ 5,000ಕ್ಕೆ 75 ಡಾಲರ್. ಅರ್ಜಿದಾರ ಸಿಗದಿದ್ದರೆ ಹಣ ನಿಧಿಗೆ ಮರಳುತ್ತಿತ್ತು. ಬಡ್ಡಿ ಕೊಡುವ ಪ್ರಶ್ನೆಯನ್ನು ಮುಂದೂಡುತ್ತಾ ಬಂದು ಕೊನೆಗೆ ಕೈಬಿಟ್ಟರು. ರೂಪಾಯಿ ಕುಸಿದದ್ದು ಮಾತ್ರ ಸ್ವಲ್ಪ ತುಂಬಿಕೊಟ್ಟಿತು. 1990ರಲ್ಲಿ ಡಾಲರಿಗೆ ಹದಿನೇಳೂವರೆ ರೂಪಾಯಿಯ ಆಸುಪಾಸು ಇದ್ದದ್ದು 1997ರಲ್ಲಿ 36ರ ಸುತ್ತ ಇತ್ತು. 2,500 ಡಾಲರ್ ಆಗ 44,000 ರೂಪಾಯಿಯಾಗುತ್ತಿದ್ದದ್ದು 90,000 ಆಯಿತು. ಅಷ್ಟರಲ್ಲಿ ಸಿಮೆಂಟು, ಕಬ್ಬಿಣದ ಬೆಲೆಯೂ ಏರಿತ್ತು ಎನ್ನುವುದನ್ನು ಮನೆ ಕಟ್ಟುತ್ತಿದ್ದವರಿಗೆ ಹೇಳಬೇಕಿಲ್ಲ.

ಕಂತುಗಳ ನಡುವೆ ಅಣ್ಣ ತೀರಿಕೊಂಡ ಎಂದುಕೊಳ್ಳೋಣ. ಉಳಿದ ಹಣ ಯಾರದು? ಗದಗಿನಲ್ಲಿ ಮನೆಯವರು ಮೊದಲು ತರುವುದು ತಹಶೀಲ್ದಾರ್ ಕಚೇರಿಯ ವಾರಸಾ ಪತ್ರ. ಸಣ್ಣ ಮೊತ್ತಕ್ಕೆ, ತಕರಾರಿಲ್ಲದಾಗ ಅದು ನಡೆಯಬಹುದು. ದೊಡ್ಡ ಮೊತ್ತಕ್ಕೆ ಭಾರತೀಯ ಉತ್ತರಾಧಿಕಾರ ಕಾಯ್ದೆಯ 372ನೇ ಕಲಮಿನಡಿ ಸಿವಿಲ್ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರವೇ ಬೇಕು. ಅರ್ಜಿಯಲ್ಲಿ ಹೆಂಡತಿ, ಮಗ, ಮಗಳು ಎಂದು ಮೂವರನ್ನೇ ಬರೆದು ಅವ್ವನನ್ನು ಬಿಡುವುದು ಪದೇ ಪದೇ ಆಗುವ ತಪ್ಪು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತೀರಿಕೊಂಡವನ ತಾಯಿಯೂ ಮೊದಲ ದರ್ಜೆಯ ವಾರಸುದಾರಳು. ನಾಲ್ವರಿಗೂ ಕಾಲು ಕಾಲು ಪಾಲು. ಇದೇ ಮನೆ ಮುಸ್ಲಿಂ ಕುಟುಂಬವಾಗಿದ್ದರೆ, ಅಪ್ಪ ಮೊದಲೇ ತೀರಿಕೊಂಡಿದ್ದರೆ, ಹೆಂಡತಿಗೆ ಎಂಟರಲ್ಲೊಂದು, ತಾಯಿಗೆ ಆರರಲ್ಲೊಂದು, ಮಿಕ್ಕದ್ದು ಮಗನಿಗೆ ಎರಡು ಮಗಳಿಗೆ ಒಂದರ ಪ್ರಮಾಣದಲ್ಲಿ. ಎರಡೂ ಕಡೆ ಅವ್ವನಿಗೆ ಪಾಲಿದೆ. ಬಿಟ್ಟರೆ ಪ್ರಮಾಣಪತ್ರವನ್ನೇ ರದ್ದುಪಡಿಸಬಹುದು. ಮಕ್ಕಳು ಅಪ್ರಾಪ್ತರಾಗಿದ್ದರೆ ಅವರ ಪಾಲನ್ನು ಅವರ ಹೆಸರಿನ ಠೇವಣಿಯಲ್ಲಿಡುವುದು ವಾಡಿಕೆ.

ಆಯೋಗ ಒಟ್ಟು 52.4 ಶತಕೋಟಿ ಡಾಲರ್ ಪರಿಹಾರವನ್ನು ಸುಮಾರು 15 ಲಕ್ಷ ಅರ್ಜಿದಾರರಿಗೆ ಕೊಟ್ಟು ಮುಗಿಸಿತು. ಕೊನೆಯ ಕಂತು ಸಂದಾಯವಾದದ್ದು 2022ರ ಜನವರಿಯಲ್ಲಿ, ಅದು ಕುವೈತಿನ ತೈಲ ಕಂಪನಿಯ ಬಾಕಿ. ಮರು ತಿಂಗಳು ಭದ್ರತಾ ಮಂಡಳಿ ಆಯೋಗದ ಕೆಲಸಕ್ಕೆ ತೆರೆ ಎಳೆಯಿತು. ‘ಕುವೈತ್ ರೊಕ್ಕ ಇನ್ನೂ ಇದೆ, ಫೈಲ್ ಎಬ್ಬಿಸಿ ಕೊಡ್ತೀವಿ, ಮುಂಗಡ ಕೊಡ್ರಿ’ ಎನ್ನುವವರು ಇಂದು ಯಾರೇ ಬಂದರೂ ಅವರ ಕೈಗೆ ಹಳೆಯ ಪಾಸ್‌ಪೋರ್ಟ್, ಆಧಾರ್, ಬ್ಯಾಂಕ್ ವಿವರ ಯಾವುದನ್ನೂ ಕೊಡಬೇಡಿ. ಹೊಸ ಅರ್ಜಿ ಹಾಕುವ ಕಾಲ 1995ಕ್ಕೇ ಮುಗಿದಿದೆ, ಹಂಚುವ ನಿಧಿಯೂ ಈಗ ಇಲ್ಲ.